ಹದಿಮೂರನೆಯ ತಿಂಗಳು ಎಲ್ಲಿ? ರಿಮೋಟ್ ಕೆಲಸಕ್ಕೆ ದೀರ್ಘಾವಧಿ ವೀಸಾ ಆರಿಸುವವರಿಗೆ

ಥಾಯ್ಲೆಂಡಿನ ಡಿಟಿವಿ (ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ) ವೀಸಾಕ್ಕೆ ಐದು ವರ್ಷದ ಮುದ್ರೆ ಬೀಳುತ್ತದೆ. ಸ್ಪೇನಿನ ಕಾನ್ಸುಲೇಟ್ ಕೊಡುವ ಟೆಲಿವರ್ಕ್, ಅಂದರೆ ರಿಮೋಟ್ ಕೆಲಸದ, ವೀಸಾಕ್ಕೆ ಒಂದೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಐದೇ ದೊಡ್ಡದಾಗಿ ಕಾಣುವುದು ಸಹಜ. ಆದರೆ ಒಳಗಿನ ನಿಯಮ ಓದಬೇಕು. ಡಿಟಿವಿಯಲ್ಲಿ ಒಮ್ಮೆ ದೇಶದೊಳಗೆ ಬಂದರೆ 180 ದಿನ ಇರಬಹುದು. ಇಮಿಗ್ರೇಶನ್ ಕಚೇರಿ ಒಪ್ಪಿದರೆ ಇನ್ನೊಂದು 180 ದಿನ. ಆಮೇಲೆ ಗಡಿ ದಾಟಿ ಹೊರಗೆ ಹೋಗಿ ಮತ್ತೆ ಬರಬೇಕು. ಐದು ವರ್ಷ ಹೀಗೆ ಹೋಗಿಬಂದರೂ ಅಲ್ಲಿನ ಕಾನೂನಿನ ಕಣ್ಣಿಗೆ ನೀವು ಭೇಟಿಗೆ ಬಂದವರು. ಕಾಯಂ ವಾಸದ ಲೆಕ್ಕಕ್ಕೆ ಅದರ ಒಂದು ದಿನವೂ ಸೇರುವುದಿಲ್ಲ. ಸ್ಪೇನಿನ ಆ ಒಂದು ವರ್ಷ ಮಾತ್ರ ಮೂರು ವರ್ಷದವರೆಗಿನ ವಾಸ ಪರವಾನಗಿಗೆ ದಾರಿ. ಕಾನೂನುಬದ್ಧವಾಗಿ ಐದು ವರ್ಷ ನೆಲೆಸಿದವರು ದೀರ್ಘಾವಧಿ ವಾಸದ ಹಕ್ಕಿಗೆ ಅರ್ಜಿ ಹಾಕಬಹುದು.

ಹಾಗಂತ ಸ್ಪೇನ್ ಮೇಲು, ಥಾಯ್ಲೆಂಡ್ ಕೀಳು ಅನ್ನುತ್ತಿಲ್ಲ. ಅರ್ಜಿಯ ಮೊದಲ ಪುಟ ತೆರೆಯುವ ಮುಂಚೆಯೇ ಒಂದು ಪ್ರಶ್ನೆಗೆ ಉತ್ತರ ಬೇಕು: ಹದಿಮೂರನೆಯ ತಿಂಗಳು ನಾನು ಎಲ್ಲಿರಬೇಕು? ವರ್ಷವೊಪ್ಪತ್ತು ಇದ್ದು ವಾಪಸ್ ಬರುವ ಆಸೆಯೇ, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿ ಬೇರು ಬಿಡುವ ಆಸೆಯೇ? ನನ್ನನ್ನು ವಿಚಾರಿಸುವವರಲ್ಲಿ ಹೆಚ್ಚಿನವರು "ಆದಾಯದ ಮಿತಿ ಎಲ್ಲಿ ಕಡಿಮೆ?" ಎಂಬಲ್ಲಿಂದ ಶುರು ಮಾಡುತ್ತಾರೆ. ಆ ಪ್ರಶ್ನೆಗೂ ಜಾಗವಿದೆ, ಆದರೆ ಮೂರನೆಯದಾಗಿ.

ಇದ್ದು ಬರುವ ವೀಸಾ, ನೆಲೆಸುವ ವೀಸಾ

ಕೋವಿಡ್ ಕಾಲದಲ್ಲಿ ಹೋಟೆಲುಗಳು ಖಾಲಿ ಬಿದ್ದಾಗ ಹುಟ್ಟಿದ ಯೋಜನೆಗಳಲ್ಲಿ ಬಹುಪಾಲು ಇದ್ದು ಬರುವ ಜಾತಿಯವು. ಬಾರ್ಬಡೋಸ್ 2020ರ ಜುಲೈನಲ್ಲಿ ವೆಲ್ಕಮ್ ಸ್ಟ್ಯಾಂಪ್ ಶುರು ಮಾಡಿತು: ಹನ್ನೆರಡು ತಿಂಗಳ ವಾಸ, ವರ್ಷಕ್ಕೆ 50,000 ಡಾಲರ್ ಆದಾಯ, ಒಬ್ಬರಿಗೆ 2,000 ಡಾಲರ್ ಶುಲ್ಕ, ಕುಟುಂಬಕ್ಕೆ 3,000. ಅದೇ ವರ್ಷ ಬಂದ ಮಾರಿಷಸ್‌ನ ಪ್ರೀಮಿಯಂ ವೀಸಾಕ್ಕೆ ಶುಲ್ಕವೇ ಇರಲಿಲ್ಲ, ತಿಂಗಳಿಗೆ 1,500 ಡಾಲರ್ ಆದಾಯ ತೋರಿಸಿದರೆ ಸಾಕಿತ್ತು. ದುಬೈನ ವರ್ಚುವಲ್ ವರ್ಕ್ ವ್ಯವಸ್ಥೆ ಒಂದು ವರ್ಷದ್ದು, ಮುಂದಕ್ಕೆ ನವೀಕರಿಸಬಹುದು, ಮಿತಿ ತಿಂಗಳಿಗೆ 3,500 ಡಾಲರ್. ಕ್ರೊಯೇಷಿಯಾ 2021ರ ಜನವರಿಯಲ್ಲಿ ಒಂದು ವರ್ಷಕ್ಕೆಂದು ಆರಂಭಿಸಿ ಈಗ 18 ತಿಂಗಳವರೆಗೆ ಕೊಡುತ್ತದೆ. ಆದರೆ ಅವಧಿ ಮುಗಿದ ಮೇಲೆ ಆರು ತಿಂಗಳು ಕಳೆಯದೆ ಮತ್ತೆ ಕೇಳುವಂತಿಲ್ಲ.

ಎಲ್ಲಕ್ಕಿಂತ ಬಿಗಿ ಜಪಾನ್. 2024ರ ಮಾರ್ಚ್ ಕೊನೆಗೆ ಬಂದ ಅಲ್ಲಿನ ಡಿಜಿಟಲ್ ನೊಮ್ಯಾಡ್ (ದೇಶ ಸುತ್ತುತ್ತ ಆನ್‌ಲೈನ್‌ನಲ್ಲಿ ದುಡಿಯುವವರ) ವ್ಯವಸ್ಥೆ ಆರೇ ತಿಂಗಳದ್ದು, ವಿಸ್ತರಣೆ ಇಲ್ಲ, ವಾಸದ ಕಾರ್ಡ್ ಕೊಡುವುದಿಲ್ಲ. ವಾರ್ಷಿಕ ಆದಾಯ ಒಂದು ಕೋಟಿ ಯೆನ್ ಇರಬೇಕು. ಇಷ್ಟೆಲ್ಲ ಇದ್ದರೂ, ಜಪಾನ್ ಜೊತೆ ತೆರಿಗೆ ಒಪ್ಪಂದ ಮತ್ತು ವೀಸಾ ವಿನಾಯಿತಿ ಎರಡೂ ಇರುವ ದೇಶಗಳ ಪಾಸ್‌ಪೋರ್ಟ್ ಇದ್ದವರಿಗಷ್ಟೇ ಪ್ರವೇಶ. ಐಸ್‌ಲ್ಯಾಂಡ್ ಕೂಡ ಹೀಗೆಯೇ: ಸಾಮಾನ್ಯ ಭೇಟಿಗೆ ವೀಸಾ ಬೇಕಾಗುವವರಿಗೆ ಅದರ ರಿಮೋಟ್ ವೀಸಾ ಸಿಗುವುದಿಲ್ಲ. ಆದ್ದರಿಂದ ಯಾವ ದೇಶದ ಪುಟ ತೆರೆದರೂ ಮೊದಲು ನೋಡಬೇಕಾದ್ದು "ಯಾರು ಅರ್ಹರು" ಎಂಬ ಸಾಲು. ಹಲವರು ಅದನ್ನು ಕೊನೆಗೆ ಓದಿ ತಿಂಗಳುಗಟ್ಟಲೆ ಶ್ರಮ ಕಳೆದುಕೊಂಡದ್ದನ್ನು ಕಂಡು ಸಂಕಟಪಟ್ಟಿದ್ದೇನೆ.

ನೆಲೆಸುವ ಜಾತಿಯಲ್ಲಿ ಮುಖ್ಯವಾದವು ಸ್ಪೇನ್, ಪೋರ್ಚುಗಲ್ ಮತ್ತು ಗ್ರೀಸ್. ಪೋರ್ಚುಗಲ್‌ನ ರಿಮೋಟ್ ಕೆಲಸಗಾರರ ವೀಸಾ ಡಿ8 ಬಂದದ್ದು 2022ರ ಅಕ್ಟೋಬರ್ ಕೊನೆಯಲ್ಲಿ. ಇದರಲ್ಲೂ ಎರಡು ಕವಲುಗಳಿವೆ, ಅರ್ಜಿಯಲ್ಲಿ ಯಾವುದಕ್ಕೆ ಗುರುತು ಹಾಕುತ್ತೀರಿ ಎಂಬುದು ನಿರ್ಣಾಯಕ. ತಾತ್ಕಾಲಿಕ ವಾಸದ ಕವಲು ವರ್ಷದ ಲೆಕ್ಕದ್ದು. ವಾಸ ಪರವಾನಗಿಯ ಕವಲಿನಲ್ಲಿ ಮೊದಲು ನಾಲ್ಕು ತಿಂಗಳ ವೀಸಾ ಸಿಗುತ್ತದೆ, ಆ ಅವಧಿಯಲ್ಲಿ ಅಲ್ಲಿಗೆ ಹೋಗಿ ಆಯ್ಮಾ ಎಂಬ ವಲಸೆ ಸಂಸ್ಥೆಯ ಮುಂದೆ ಹಾಜರಾಗಿ ಎರಡು ವರ್ಷದ ಪರವಾನಗಿ ಪಡೆಯಬೇಕು, ಮುಂದೆ ಅದು ಮೂರು ವರ್ಷಕ್ಕೆ ನವೀಕರಣವಾಗುತ್ತದೆ. ಆಯ್ಮಾ 2023ರ ಅಕ್ಟೋಬರ್‌ನಲ್ಲಿ ಹಳೆಯ ಸಂಸ್ಥೆಯಿಂದ ಕೆಲಸ ವಹಿಸಿಕೊಂಡಾಗ ಲಕ್ಷಾಂತರ ಕಡತಗಳು ಬಾಕಿ ಇದ್ದವು. ಈ ದಾರಿ ಹಿಡಿಯುವವರು ಕಾಯುವ ಕಾಲವನ್ನೂ ಯೋಜನೆಯೊಳಗೇ ಇಟ್ಟುಕೊಳ್ಳಬೇಕು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಎಸ್ಟೋನಿಯಾದ ಇ-ರೆಸಿಡೆನ್ಸಿ 2014ರಿಂದ ಇದೆ. ಹೆಸರಿನಲ್ಲಿ ರೆಸಿಡೆನ್ಸಿ ಇದ್ದರೂ ಅದು ಆನ್‌ಲೈನ್‌ನಲ್ಲಿ ಕಂಪನಿ ನಡೆಸಲು ಕೊಡುವ ಡಿಜಿಟಲ್ ಗುರುತು. ಆ ಕಾರ್ಡ್ ಹಿಡಿದು ರಾಜಧಾನಿ ಟಾಲಿನ್‌ನಲ್ಲಿ ಒಂದು ದಿನವೂ ಇರಲಾಗದು. ಅಲ್ಲಿದ್ದು ಕೆಲಸ ಮಾಡಲು ಬೇಕಾದ್ದು 2020ರ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ನೊಮ್ಯಾಡ್ ವೀಸಾ. ಅದೂ ಗರಿಷ್ಠ ಒಂದು ವರ್ಷದ್ದು.

ಸಂಬಳ ಯಾರು ಕೊಡುತ್ತಾರೆ

ಎರಡನೆಯ ಪ್ರಶ್ನೆ ಇದು. ಒಂದೇ ಕಂಪನಿಯ ಉದ್ಯೋಗಿಗೂ ನಾಲ್ಕು ಗ್ರಾಹಕರಿರುವ ಫ್ರೀಲ್ಯಾನ್ಸರ್‌ಗೂ ಒಂದೇ ವೀಸಾ ಒಂದೇ ರೀತಿ ಹೊಂದುವುದಿಲ್ಲ.

ಜರ್ಮನಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಡಿಜಿಟಲ್ ನೊಮ್ಯಾಡ್ ವೀಸಾ ಎಂಬುದೇ ಇಲ್ಲ. ಜನ ಅದರ ಬದಲಿಗೆ ಹೇಳುವುದು ಫ್ರೀಲ್ಯಾನ್ಸ್ ಪರವಾನಗಿಯನ್ನು. ಅದು ಮೂರು ವರ್ಷದವರೆಗೆ ಸಿಗುತ್ತದೆ ನಿಜ, ಆದರೆ ನಿಮ್ಮ ಕೆಲಸದಿಂದ ಅಲ್ಲಿಗೇನು ಪ್ರಯೋಜನ ಎಂದು ಅಧಿಕಾರಿಗಳು ನೋಡುತ್ತಾರೆ. ಜರ್ಮನಿಯ ಗ್ರಾಹಕರು ಕೆಲಸ ಕೊಡುತ್ತೇವೆಂದು ಬರೆದ ಪತ್ರಗಳೇ ಅರ್ಜಿಯ ಬೆನ್ನೆಲುಬು. 45 ದಾಟಿದವರಿಂದ ವೃದ್ಧಾಪ್ಯದ ಪಿಂಚಣಿ ವ್ಯವಸ್ಥೆಯ ಪುರಾವೆಯನ್ನೂ ಕೇಳುತ್ತಾರೆ. ಹೊರದೇಶದ ಕಂಪನಿಯ ಸಂಬಳದಾರನಿಗೆ ಇದು ತಪ್ಪು ಬಾಗಿಲು. ಸ್ಪೇನ್‌ನಲ್ಲಿ ಲೆಕ್ಕ ತಿರುಗುಮುರುಗು: ಆದಾಯ ಹೊರಗಿನಿಂದಲೇ ಬರಬೇಕು, ಸ್ಪೇನಿನ ಕಂಪನಿಗಳಿಗೆ ಮಾಡುವ ಕೆಲಸ ಒಟ್ಟು ಕೆಲಸದ ಶೇ 20 ಮೀರಬಾರದು, ಅದೂ ಫ್ರೀಲ್ಯಾನ್ಸರ್‌ಗಳಿಗೆ ಮಾತ್ರ. ಮನೆ ಬಾಡಿಗೆ, ಪಿಂಚಣಿ, ಲಾಭಾಂಶಗಳಿಂದ ಬದುಕುವವರಿಗೆ ಪೋರ್ಚುಗಲ್‌ನಲ್ಲಿ ಡಿ7 ಇದೆ. ಅದರ ಆದಾಯ ಮಿತಿ ಡಿ8ರ ಕಾಲು ಭಾಗವಷ್ಟೇ ಎಂದು ನೋಡಿ, ಸಂಬಳದ ಚೀಟಿ ಲಗತ್ತಿಸಿ ಡಿ7ಗೆ ಅರ್ಜಿ ಹಾಕುವವರಿದ್ದಾರೆ. ಡಿ8 ಬಂದ ಮೇಲೆ ದುಡಿಮೆಯ ಆದಾಯಕ್ಕೆ ಅದೇ ದಾರಿ. ಅಡ್ಡದಾರಿ ಹಿಡಿದರೆ ತಿರಸ್ಕಾರದ ಪತ್ರ ಕಡತದಲ್ಲಿ ಕೂರುತ್ತದೆ, ಮುಂದಿನ ಅರ್ಜಿಯಲ್ಲಿ ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಉದ್ಯೋಗಿಗಳಿಗೆ ಇಡೀ ಅರ್ಜಿ ನಿಂತಿರುವುದು ಕಂಪನಿ ಕೊಡುವ ಒಂದು ಪತ್ರದ ಮೇಲೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸ್ಪೇನಿಗೆ ಅರ್ಜಿ ಹಾಕುವಾಗ ನನ್ನ ಕಂಪನಿಯ ಎಚ್‌ಆರ್ ಕೊಟ್ಟ ಪತ್ರದಲ್ಲಿ "ಉದ್ಯೋಗಿಗೆ ಮನೆಯಿಂದ ಕೆಲಸ ಮಾಡಲು ಅನುಮತಿ ಇದೆ" ಎಂದಿತ್ತು. ನೋಡಲು ಏನೂ ಕೊರತೆ ಕಾಣಲಿಲ್ಲ. ಕಡತ ವಾಪಸ್ ಬಂತು. ಅವರಿಗೆ ಬೇಕಿದ್ದದ್ದು "ಸ್ಪೇನ್ ದೇಶದಲ್ಲಿದ್ದುಕೊಂಡು ತನ್ನ ಹುದ್ದೆಯ ಕೆಲಸವನ್ನು ದೂರದಿಂದ ಮಾಡಲು ಕಂಪನಿ ಒಪ್ಪಿದೆ" ಎಂಬ ಮಾತು. ದೇಶದ ಹೆಸರು ಪತ್ರದಲ್ಲಿ ಇರಲೇಬೇಕು. ಆ ಒಂದು ವಾಕ್ಯ ತಿದ್ದಿಸಲು ಏಳು ವಾರ ಹಿಡಿಯಿತು, ಏಕೆಂದರೆ ಕಂಪನಿಯ ವಕೀಲರು ಅದನ್ನು ನೋಡಿದ ಕೂಡಲೇ ಬೇರೆಯೇ ಪ್ರಶ್ನೆಗಳನ್ನು ಎತ್ತಿದರು. ಅವರ ಭಯವೂ ಸುಳ್ಳಲ್ಲ. ಉದ್ಯೋಗಿ ಬೇರೊಂದು ದೇಶದಲ್ಲಿ ಕೂತು ಕಂಪನಿಯ ಪರವಾಗಿ ಒಪ್ಪಂದಗಳನ್ನು ಕುದುರಿಸತೊಡಗಿದರೆ ಕಂಪನಿಗೆ ಅಲ್ಲಿ ಕಾಯಂ ವ್ಯವಹಾರ ನೆಲೆ ಇದೆ ಎಂದು ವಾದಿಸಿ ಆ ದೇಶದ ತೆರಿಗೆ ಇಲಾಖೆ ಕಂಪನಿಯಿಂದಲೇ ತೆರಿಗೆ ಕೇಳಬಹುದು. ಹಾಗಾಗಿ ಮಾರಾಟ, ವ್ಯವಹಾರ ವಿಸ್ತರಣೆಯಂಥ ಹುದ್ದೆಯವರಿಗೆ ಈ ಪತ್ರ ಸಿಗುವುದು ಕಷ್ಟ. ಕೋಡ್ ಬರೆಯುವವರಿಗೆ, ವಿನ್ಯಾಸ ಮಾಡುವವರಿಗೆ ಸಲೀಸು.

ಪತ್ರದಲ್ಲಿ ಇನ್ನೂ ಕೆಲವು ಸಂಗತಿಗಳಿರಬೇಕು: ಹುದ್ದೆ, ಸಂಬಳ, ಒಪ್ಪಂದದ ಅವಧಿ, ಕೆಲಸಕ್ಕೆ ಸೇರಿದ ದಿನಾಂಕ. ಸ್ಪೇನ್ ಅರ್ಜಿಗೆ ಮುಂಚಿನ ಕನಿಷ್ಠ ಮೂರು ತಿಂಗಳ ಸಂಬಂಧ ಕೇಳುತ್ತದೆ, ಕಂಪನಿ ಕನಿಷ್ಠ ಒಂದು ವರ್ಷದಿಂದ ವ್ಯವಹಾರ ನಡೆಸುತ್ತಿರಬೇಕು, ಅರ್ಜಿದಾರರಿಗೆ ಪದವಿ ಅಥವಾ ಮೂರು ವರ್ಷದ ಅನುಭವ ಇರಬೇಕು. ಇಟಲಿಯೂ 2024ರ ಏಪ್ರಿಲ್‌ನಿಂದ ಕೊಡುತ್ತಿರುವ ವೀಸಾವನ್ನು ಹೆಚ್ಚಿನ ಕೌಶಲವುಳ್ಳವರಿಗೇ ಮೀಸಲಿಟ್ಟಿದೆ.

ಸ್ಪೇನ್ ಅರ್ಜಿಗಳಲ್ಲಿ ಗಂಟಲ ಮುಳ್ಳಾಗುವುದು ಸಾಮಾಜಿಕ ಭದ್ರತೆಯ ಪುರಾವೆ. ನೀವು ಸಂಬಳ ಪಡೆಯುವ ದೇಶಕ್ಕೂ ಸ್ಪೇನಿಗೂ ಸಾಮಾಜಿಕ ಭದ್ರತಾ ಒಪ್ಪಂದವಿದ್ದರೆ, ಅಲ್ಲೇ ವಂತಿಗೆ ಕಟ್ಟುತ್ತಿದ್ದೀರಿ ಎಂಬ ಪ್ರಮಾಣಪತ್ರ ತರಬಹುದು. ಒಪ್ಪಂದ ಇಲ್ಲದಿದ್ದರೆ ಕಂಪನಿಯೇ ಸ್ಪೇನಿನ ಭದ್ರತಾ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಚ್ಚಿನ ಕಂಪನಿಗಳು ಇಲ್ಲಿ ಕೈ ಎತ್ತುತ್ತವೆ. ಆಗ ಉಳಿಯುವುದು ಉದ್ಯೋಗಿಯ ಪಟ್ಟ ಬಿಟ್ಟು ಗುತ್ತಿಗೆದಾರನಾಗಿ, ಅಲ್ಲಿ ಸ್ವಂತ ದುಡಿಮೆಗಾರನೆಂದು ನೋಂದಣಿ ಮಾಡಿಸುವ ದಾರಿ. ಹಾಗೆ ಬದಲಾದರೆ ರಜೆ, ಭವಿಷ್ಯನಿಧಿ, ಕೆಲಸದ ಭದ್ರತೆ ಎಲ್ಲವೂ ಹೋಗುತ್ತದೆ. ವೀಸಾದ ಆಸೆಗೆ ಅವಸರದಲ್ಲಿ ಸಹಿ ಹಾಕಬೇಡಿ. ಅದರ ಬದಲು ಗ್ರೀಸನ್ನೋ ಪೋರ್ಚುಗಲನ್ನೋ ನೋಡುವುದು ಎಷ್ಟೋ ವಾಸಿ.

ಮಿತಿಯ ಹಿಂದಿನ ಲೆಕ್ಕ

ಆದಾಯದ ಮಿತಿಗಳಲ್ಲಿ ಎರಡು ಬಗೆ. ಕೆಲವು ನಿಂತ ನೀರು: ಗ್ರೀಸ್‌ನದು ತಿಂಗಳಿಗೆ 3,500 ಯೂರೋ, ಬ್ರೆಜಿಲ್‌ನದು 1,500 ಡಾಲರ್ ಅಥವಾ ಬ್ಯಾಂಕಿನಲ್ಲಿ 18,000 ಡಾಲರ್, ಮಲೇಷ್ಯಾದ ಡಿಇ ರಾಂಟೌ ಪಾಸ್‌ನದು ತಂತ್ರಜ್ಞಾನ ಕ್ಷೇತ್ರದವರಿಗೆ ವರ್ಷಕ್ಕೆ 24,000 ಡಾಲರ್, ಉಳಿದವರಿಗೆ 60,000. ಇನ್ನು ಕೆಲವು ಆ ದೇಶದ ಕನಿಷ್ಠ ವೇತನಕ್ಕೆ ಕಟ್ಟಿಕೊಂಡಿವೆ, ಅದು ಏರಿದಂತೆ ತಾವೂ ಏರುತ್ತವೆ. ಪೋರ್ಚುಗಲ್ ಕನಿಷ್ಠ ವೇತನದ ನಾಲ್ಕು ಪಟ್ಟು ಕೇಳುತ್ತದೆ: 2023ರಲ್ಲಿ 3,040 ಯೂರೋ, 2024ರಲ್ಲಿ 3,280, 2025ರಲ್ಲಿ 3,480. ಡಿಸೆಂಬರ್‌ನಲ್ಲಿ ಸರಿಯಾಗಿದ್ದ ಅರ್ಜಿ ಜನವರಿಯಲ್ಲಿ ಸಾಲದೆ ಹೋಗಬಹುದು. ಬೇರೆ ಕರೆನ್ಸಿಯಲ್ಲಿ ಸಂಬಳ ಪಡೆಯುವವರಿಗೆ ವಿನಿಮಯ ದರದ ಏರಿಳಿತವೂ ಸೇರುತ್ತದೆ. ಮಿತಿಗಿಂತ ಕನಿಷ್ಠ ಶೇ 15 ಹೆಚ್ಚು ಬರುತ್ತಿದ್ದರೆ ಮಾತ್ರ ಅರ್ಜಿ ಹಾಕಿ ಎಂದು ನಾನು ಹೇಳುವುದು ಇದಕ್ಕೇ.

ಕುಟುಂಬ ಜೊತೆಗಿದ್ದರೆ ಚಿತ್ರವೇ ಬದಲು. ಸ್ಪೇನ್ ಒಬ್ಬರಿಗೆ ಕನಿಷ್ಠ ವೇತನದ ಎರಡರಷ್ಟು ಕೇಳುತ್ತದೆ, ಜೊತೆಗೆ ಬರುವ ಮೊದಲನೆಯವರಿಗೆ ಕನಿಷ್ಠ ವೇತನದ ಶೇ 75, ಆಮೇಲಿನ ಪ್ರತಿಯೊಬ್ಬರಿಗೆ ಶೇ 25. 2025ರ ದರದಲ್ಲಿ ಒಬ್ಬರಿಗೆ ಸುಮಾರು 2,763 ಯೂರೋ, ದಂಪತಿ ಮತ್ತು ಒಂದು ಮಗುವಿಗೆ ಸುಮಾರು 4,144. ಗ್ರೀಸ್‌ನಲ್ಲಿ ಸಂಗಾತಿಗೆ ಶೇ 20, ಪ್ರತಿ ಮಗುವಿಗೆ ಶೇ 15 ಸೇರಿಸಿದರೆ ಅದೇ ಮೂವರಿಗೆ 4,725. ಹಂಗೇರಿಯ ರಿಮೋಟ್ ಕೆಲಸದ ಪರವಾನಗಿಯಾದ ವೈಟ್ ಕಾರ್ಡ್ ಕುಟುಂಬವನ್ನು ಕರೆತರಲು ಬಿಡುವುದೇ ಇಲ್ಲ, ಎಷ್ಟೇ ಸಂಪಾದಿಸಿದರೂ. ಸಂಗಾತಿಗೆ ಅಲ್ಲಿ ಕೆಲಸ ಮಾಡುವ ಹಕ್ಕಿದೆಯೇ ಎಂಬುದನ್ನೂ ಕೇಳಿ. ಸ್ಪೇನ್‌ನಲ್ಲಿ ಇದೆ, ಅದೊಂದಕ್ಕಾಗಿಯೇ ಎಷ್ಟೋ ಕುಟುಂಬಗಳು ಆ ದೇಶವನ್ನು ಆರಿಸಿಕೊಳ್ಳುತ್ತವೆ. ಹೆಂಡತಿಯೋ ಗಂಡನೋ ವರ್ಷಗಟ್ಟಲೆ ಸುಮ್ಮನೆ ಕೂರಬೇಕಾದರೆ ಆ ಊರು ಎಷ್ಟು ಚೆಂದವಿದ್ದರೂ ಮನೆ ನೆಮ್ಮದಿಯಾಗಿರುವುದಿಲ್ಲ.

ಥಾಯ್ಲೆಂಡ್ ಆದಾಯಕ್ಕಿಂತ ಉಳಿತಾಯ ನೋಡುತ್ತದೆ: ಡಿಟಿವಿಗೆ 5,00,000 ಬಾತ್ ಬ್ಯಾಂಕಿನಲ್ಲಿರಬೇಕು. ತಿಂಗಳ ಗಳಿಕೆ ಏರುಪೇರಾಗುವ ಫ್ರೀಲ್ಯಾನ್ಸರ್‌ಗಳಿಗೆ ಇದು ವರ. ಆದರೆ ಅರ್ಜಿಯ ಹಿಂದಿನ ವಾರ ಸಾಲ ತಂದು ತುಂಬಿದ ಹಣ ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ. ಖಾತೆ ಅಷ್ಟು ಮೊತ್ತದಲ್ಲಿ ಕೆಲವು ತಿಂಗಳು ನಿಂತಿರಲಿ.

ತೆರಿಗೆ

ವರ್ಷದಲ್ಲಿ 183 ದಿನ ದಾಟಿದರೆ ಅಲ್ಲಿನ ತೆರಿಗೆದಾರ ಎಂಬುದು ಬಹಳ ದೇಶಗಳ ಸಾಮಾನ್ಯ ಗೆರೆ. ಥಾಯ್ಲೆಂಡಿನ ಗೆರೆ 180 ದಿನ, ಅದನ್ನು ದಾಟಿದವರು 2024ರ ಜನವರಿಯಿಂದ ಹೊರದೇಶದ ಗಳಿಕೆಯಲ್ಲಿ ಅಲ್ಲಿಗೆ ತಂದ ಹಣಕ್ಕೆ ತೆರಿಗೆ ಕಟ್ಟಬೇಕು. ವೀಸಾ ಸಿಕ್ಕ ಮಾತ್ರಕ್ಕೆ ವಿನಾಯಿತಿ ಸಿಕ್ಕಂತಲ್ಲ, ವೀಸಾ ಕೊಡುವ ಇಲಾಖೆಯೇ ಬೇರೆ, ತೆರಿಗೆ ಕೇಳುವ ಇಲಾಖೆಯೇ ಬೇರೆ.

ಕ್ರೊಯೇಷಿಯಾ ಮತ್ತು ಕೋಸ್ಟರಿಕಾ ಈ ವೀಸಾದವರ ಹೊರದೇಶದ ಸಂಬಳಕ್ಕೆ ಆದಾಯ ತೆರಿಗೆ ಹಾಕುವುದಿಲ್ಲ. ಯುಎಇಯಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಸ್ಪೇನ್‌ನಲ್ಲಿ ಬೆಕಮ್ ಕಾನೂನು ಎಂದು ಜನ ಕರೆಯುವ ವಿಶೇಷ ವ್ಯವಸ್ಥೆಯಲ್ಲಿ 6,00,000 ಯೂರೋವರೆಗಿನ ಸಂಬಳಕ್ಕೆ ಶೇ 24ರ ಒಂದೇ ದರ. ಆದರೆ ಅಲ್ಲಿ ಕೆಲಸ ಶುರುವಾದ ಆರು ತಿಂಗಳೊಳಗೆ ಅದಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕು, ಹಿಂದಿನ ಐದು ವರ್ಷ ಸ್ಪೇನ್‌ನಲ್ಲಿ ವಾಸವಿದ್ದಿರಬಾರದು. ಏಳನೆಯ ತಿಂಗಳಲ್ಲಿ ನೆನಪಾದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಪೋರ್ಚುಗಲ್‌ನ ಹಳೆಯ ಎನ್‌ಎಚ್‌ಆರ್ ರಿಯಾಯಿತಿ ಹೊಸಬರಿಗೆ 2024ರಿಂದ ಮುಚ್ಚಿದೆ. ಹಳೆಯ ಲೇಖನಗಳು ಇನ್ನೂ ಅದನ್ನೇ ಹೊಗಳುತ್ತವೆ, ನಂಬಬೇಡಿ.

ನೀವು ಬಿಟ್ಟು ಬರುವ ದೇಶ ನಿಮ್ಮನ್ನು ತೆರಿಗೆಯ ಪಟ್ಟಿಯಿಂದ ಎಂದು ಬಿಡುತ್ತದೆ ಎಂಬುದೂ ಅಷ್ಟೇ ಮುಖ್ಯ. ಈ ಒಂದು ವಿಷಯಕ್ಕೆ ಎರಡೂ ದೇಶದ ನಿಯಮ ಬಲ್ಲ ತೆರಿಗೆ ಸಲಹೆಗಾರರಿಗೆ ಹಣ ಕೊಡುವುದು ದಂಡವಲ್ಲ. ವೀಸಾ ಏಜೆಂಟರಿಗೆ ಕೊಡುವ ಮೊತ್ತವನ್ನು ಉಳಿಸಿ ಇಲ್ಲಿ ಹಾಕಿ.

ಕಾಗದಗಳ ಆಯಸ್ಸು

ಪೊಲೀಸ್ ಕ್ಲಿಯರೆನ್ಸ್, ಅದರ ಮೇಲೆ ಅಪೊಸ್ಟಿಲ್ (ಕಾಗದ ಅಸಲಿ ಎಂದು ಹೊರದೇಶಕ್ಕೆ ದೃಢೀಕರಿಸುವ ಸರ್ಕಾರಿ) ಮುದ್ರೆ, ಆಮೇಲೆ ಅಧಿಕೃತ ಅನುವಾದ. ಕ್ರಮ ಇದೇ ಇರಬೇಕು: ಮೊದಲು ಅನುವಾದ ಮಾಡಿಸಿ ಆಮೇಲೆ ಮುದ್ರೆ ಹಾಕಿಸಿದರೆ ಮುದ್ರೆಯ ಅನುವಾದಕ್ಕೆ ಮತ್ತೆ ಹಣ ತೆರಬೇಕು. ಅಪೊಸ್ಟಿಲ್ ನಡೆಯುವುದು 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಉಳಿದ ಕಡೆಗೆ ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ದೃಢೀಕರಣ ಮಾಡಿಸಬೇಕು. ಸ್ಪೇನ್‌ಗೆ ಅಲ್ಲಿನ ವಿದೇಶಾಂಗ ಸಚಿವಾಲಯ ಮಾನ್ಯ ಮಾಡಿದ ಪ್ರಮಾಣಿತ ಅನುವಾದಕರೇ ಬೇಕು.

ಇವುಗಳಲ್ಲಿ ಪೊಲೀಸ್ ಕ್ಲಿಯರೆನ್ಸ್ ಬೇಗ ಹಳಸುತ್ತದೆ. ಸಾಮಾನ್ಯವಾಗಿ ಮೂರು ತಿಂಗಳಿಂದ ಆರು ತಿಂಗಳೊಳಗಿನದನ್ನಷ್ಟೇ ಒಪ್ಪುತ್ತಾರೆ. ನಾನು ಮಾಡಿದ ತಪ್ಪು ಅದನ್ನೇ ಮೊದಲು ತರಿಸಿದ್ದು. ಕಂಪನಿಯ ಪತ್ರ ತಿದ್ದಿ ಬರುವ ಹೊತ್ತಿಗೆ ಅದರ ಅವಧಿಗೆ ಉಳಿದದ್ದು ಒಂಬತ್ತೇ ದಿನ, ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಹನ್ನೊಂದನೆಯ ದಿನಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡನೆಯ ಸಲ ಒಂದು ಹಾಳೆಯಲ್ಲಿ ಅಪಾಯಿಂಟ್‌ಮೆಂಟ್ ದಿನವನ್ನು ಕೆಳಗೆ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದೆ: ಅನುವಾದಕ್ಕೆ ಎರಡು ವಾರ, ಮುದ್ರೆಗೆ ಎರಡು, ಪೊಲೀಸ್ ಪತ್ರಕ್ಕೆ ನಾಲ್ಕು. ಎಲ್ಲಕ್ಕಿಂತ ಮೇಲೆ, ಅಂದರೆ ಎಲ್ಲಕ್ಕಿಂತ ಮೊದಲು, ಕಂಪನಿಯ ಪತ್ರ. ಪದವಿ ಪತ್ರದ ಮುದ್ರೆಗೆ ಆಯಸ್ಸಿನ ಗೊಡವೆ ಇಲ್ಲ, ಅದನ್ನು ಇವತ್ತೇ ಮಾಡಿಸಬಹುದು.

ವಿಮೆಯ ವಿಷಯ ಚಿಕ್ಕದು. ಪ್ರವಾಸಿ ವಿಮೆ ಬೇರೆ, ವಾಸಕ್ಕೆ ಬೇಕಾದ ಆರೋಗ್ಯ ವಿಮೆ ಬೇರೆ. ಸ್ಪೇನ್ ತನ್ನಲ್ಲಿ ವ್ಯವಹರಿಸಲು ಅನುಮತಿ ಇರುವ ಕಂಪನಿಯದ್ದನ್ನೇ ಕೇಳುತ್ತದೆ, ಜಪಾನ್ ಒಂದು ಕೋಟಿ ಯೆನ್ ಮೊತ್ತದ ರಕ್ಷಣೆ ಕೇಳುತ್ತದೆ.

ಎಲ್ಲಿಂದ ಅರ್ಜಿ ಹಾಕುವುದು ಎಂಬುದರಲ್ಲೂ ಆಯ್ಕೆ ಇದೆ. ಸ್ಪೇನ್‌ನಲ್ಲಿ ಕಾನೂನುಬದ್ಧವಾಗಿ ಇರುವವರು, ಪ್ರವಾಸಿಯಾಗಿ ಬಂದವರೂ, ಅಲ್ಲಿಂದಲೇ ಅರ್ಜಿ ಹಾಕಿ ನೇರವಾಗಿ ಮೂರು ವರ್ಷದ ಪರವಾನಗಿ ಪಡೆಯಬಹುದು. 20 ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಅರ್ಥ. ಕಾಗದಗಳೆಲ್ಲ ಮುದ್ರೆ ಬಿದ್ದು ಕೈಯಲ್ಲಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಅಲ್ಲಿ ಕೂತು ಬೇರೊಂದು ದೇಶದ ಪೊಲೀಸ್ ಪತ್ರ ತರಿಸುವುದು ಹರಸಾಹಸ. ಯುರೋಪಿನ ಶೆಂಗೆನ್ ವಲಯದ (ಒಳಗಡಿಯಲ್ಲಿ ಪಾಸ್‌ಪೋರ್ಟ್ ತಪಾಸಣೆ ತೆಗೆದ ದೇಶಗಳ ಗುಂಪು) ಯಾವುದೇ ದೇಶದ ದೀರ್ಘಾವಧಿ ವೀಸಾ ಇಟ್ಟುಕೊಂಡು ಉಳಿದ ಶೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ತಿರುಗಾಡಬಹುದು, ಅಲ್ಲಿ ನೆಲೆಸಿ ಕೆಲಸ ಮಾಡುವ ಹಕ್ಕು ಅದರಿಂದ ಬರುವುದಿಲ್ಲ.

ಯಾರಿಗೆ ಯಾವುದು

ಒಂಟಿಯಾಗಿದ್ದು, ಗ್ರಾಹಕರು ಹಲವರಿದ್ದು, ಉಳಿತಾಯ ಕೈಯಲ್ಲಿದ್ದರೆ ನಾನು ಥಾಯ್ಲೆಂಡ್ ಅಥವಾ ಮಲೇಷ್ಯಾ ಹೇಳುತ್ತೇನೆ. ಆರು ತಿಂಗಳು ಇದ್ದು ನೋಡಿ ನಿರ್ಧರಿಸಲು ಅಡ್ಡಿ ಇಲ್ಲ. ಮನೆಮಂದಿಯೆಲ್ಲ ಹೊರಟಿದ್ದರೆ, ಕಂಪನಿ ಸಾಮಾಜಿಕ ಭದ್ರತೆಯ ಪತ್ರ ಕೊಡಲು ಒಪ್ಪಿದರೆ, ಸ್ಪೇನ್‌ಗೆ ಸಾಟಿಯಿಲ್ಲ. ಕಂಪನಿ ಪತ್ರ ಕೊಡುತ್ತದೆ, ಆದರೆ ಬೇರೆ ಯಾವ ನೋಂದಣಿಗೂ ಸಿದ್ಧವಿಲ್ಲ ಎಂದರೆ ಗ್ರೀಸ್. ಒಂದೇ ವರ್ಷ, ತೆರಿಗೆಯ ತಲೆನೋವು ಬೇಡ ಅನ್ನುವವರಿಗೆ ಕ್ರೊಯೇಷಿಯಾ. ಪ್ರವಾಸಿ ವೀಸಾದಲ್ಲಿ ಹೋಗಿ ಲ್ಯಾಪ್‌ಟಾಪ್ ತೆರೆದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿಗೆ ನಾನು ಯಾವ ದೇಶವನ್ನೂ ಹೇಳುವುದಿಲ್ಲ. ಗಡಿಯಲ್ಲಿ ಒಮ್ಮೆ ವಾಪಸ್ ಕಳಿಸಿದರೆ ಆ ದಾಖಲೆ ಮುಂದಿನ ಎಲ್ಲ ಅರ್ಜಿಗಳಲ್ಲೂ ಹಿಂಬಾಲಿಸುತ್ತದೆ.

ಯಾವುದನ್ನೇ ಆರಿಸಿ, ವೀಸಾ ಕೈಗೆ ಬಂದ ದಿನವೇ ನವೀಕರಣದ ನಿಯಮ ಓದಿಕೊಳ್ಳಿ. ಕೋಸ್ಟರಿಕಾದಲ್ಲಿ ಎರಡನೆಯ ವರ್ಷ ಬೇಕಾದರೆ ಮೊದಲ ವರ್ಷ ಕನಿಷ್ಠ 180 ದಿನ ಅಲ್ಲೇ ಇದ್ದಿರಬೇಕು. ಸ್ಪೇನ್‌ನಲ್ಲಿ ಪರವಾನಗಿ ಮುಗಿಯುವ 60 ದಿನ ಮುಂಚಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಕೆಲಸ ಬದಲಾಯಿಸಿದ್ದರೆ ಹೊಸ ಕಂಪನಿಯ ಪತ್ರವನ್ನೂ ಅಷ್ಟರೊಳಗೆ ಬರೆಸಿಟ್ಟುಕೊಂಡಿರಬೇಕು, ದೇಶದ ಹೆಸರು ಸಮೇತ.